ಚೀಟಿಯಲ್ಲಿ ಇಲ್ಲದ ಒಂದು ಸಾಲು



ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಹಾಕಿ, ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಂಪು ಕಣಗಳು ನಸುಗೆಂಪು ಬಿಲ್ಲೆಗಳಂತೆ ಕಾಣುತ್ತವೆ. ಬೀದರ ಜಿಲ್ಲೆಯ ಭಾಲ್ಕಿಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಂದಿನಿಂದ ಇಂಥ ಪಟ್ಟಿಗಳನ್ನು ಎಷ್ಟು ಸಾವಿರ ನೋಡಿದ್ದೇನೋ, ಲೆಕ್ಕ ಇಟ್ಟಿಲ್ಲ. ಮಳೆಗಾಲ ಬಂತೆಂದರೆ ಮಲೇರಿಯಾಕ್ಕೆ, ಉಳಿದ ದಿನಗಳಲ್ಲಿ ರಕ್ತ ಕಡಿಮೆಯಾದವರಿಗೆ. ಒಂದು ಸಂಜೆ ಒಬ್ಬರ ಪಟ್ಟಿಯಲ್ಲಿ ಬೇರೆಯೇ ಏನೋ ಕಂಡಿತು. ಕೆಲವು ಕಣಗಳ ಒಳಗೆ, ಇಂಕಿನ ಪೆನ್ನು ಜಾಡಿಸಿದಾಗ ಬೀಳುವ ಹನಿಗಳ ಹಾಗೆ, ಸಣ್ಣ ಸಣ್ಣ ನೀಲಿ ಚುಕ್ಕೆಗಳು. ಕೆಂಪು ಕಣ ಮಜ್ಜೆಯಲ್ಲಿ ಬೆಳೆದು ಹೊರಗೆ ಬರುವ ಹೊತ್ತಿಗೆ ಅದರೊಳಗಿನ ಕಸ ಕರಗಿ ಹೋಗಿರಬೇಕು. ಇವರ ಕಣಗಳಲ್ಲಿ ಕಸ ಹಾಗೇ ಉಳಿದಿತ್ತು. ಹಾಗೆ ಉಳಿಯಲು ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಕೆಲವರಿಗೆ ಹುಟ್ಟಿನಿಂದ ಬಂದ ರಕ್ತದ ದೋಷ ಇರುತ್ತದೆ. ಆದರೆ ತರಬೇತಿಯ ದಿನಗಳಲ್ಲಿ ಓದಿದ್ದ ಇನ್ನೊಂದು ಕಾರಣ ನನಗೆ ಥಟ್ಟನೆ ನೆನಪಾಯಿತು: ಸೀಸ.

ಅವರು ಹೊರಗೆ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ವಯಸ್ಸು ಐವತ್ತರ ಮೇಲೆ. ಆ ವರ್ಷ ನಮ್ಮಲ್ಲಿಗೆ ಬಂದದ್ದು ಅದು ಮೂರನೆಯ ಸಲ. ಪ್ರತಿ ಸಲವೂ ಹಿಮೋಗ್ಲೋಬಿನ್ ಕಡಿಮೆ, ಪ್ರತಿ ಸಲವೂ ಕಬ್ಬಿಣಾಂಶದ ಗುಳಿಗೆ, ಜಂತುಹುಳದ ಔಷಧ, ಗ್ಯಾಸಿನ ಗುಳಿಗೆ. ನಾನು ಹೊರಗೆ ಹೋಗಿ ಕೇಳಿದೆ: “ಕಾಕಾ, ನೀವು ಏನ್ ಕೆಲ್ಸ ಮಾಡ್ತೀರಿ?”

“ಬ್ಯಾಟ್ರಿ ಕೆಲ್ಸಾರೀ. ಮುವ್ವತ್ತ್ ವರ್ಷ ಆಯ್ತು, ಅದೇ ಮಾಡ್ಲತ್ತೀನಿ.”

“ಇದನ್ನ ಮೊದಲೇ ಹೇಳಬಾರದೇನ್ರಿ?”

“ಯಾರ್ ಕೇಳ್ಯಾರ್ರಿ?”

ಅವರ ಮಾತು ನಿಜ. ಯಾರೂ ಕೇಳಿರಲಿಲ್ಲ. ಮೂರು ಸಲ ಅವರ ತೋಳಿಗೆ ಪಟ್ಟಿ ಬಿಗಿದು ಸೂಜಿ ಚುಚ್ಚಿದ ನಾನೂ ಕೇಳಿರಲಿಲ್ಲ. ನಾನು ಕಂಡ ಚೀಟಿಗಳಲ್ಲಿ ಹೆಸರು, ವಯಸ್ಸು, ಗಂಡು ಹೆಣ್ಣು, ಊರು ಎಂದು ಸಾಲುಗಳಿರುತ್ತವೆ. ಕೆಲಸ ಎಂಬ ಸಾಲು ಇರುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಸಾಲಿನ ಸುತ್ತಲೇ ಇದೆ.

ನಾವು ಇರುವ ನೆಲವನ್ನು ನೆನೆಯಿರಿ. ಭಾಲ್ಕಿಯಿಂದ ಬಸವಕಲ್ಯಾಣ ದೂರವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸೇರಿದ ಶರಣರ ಹೆಸರುಗಳನ್ನು ನೋಡಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಮನುಷ್ಯನ ಹೆಸರಿಗಿಂತ ಮೊದಲು ಅವನ ಕೈ ಏನು ಮಾಡುತ್ತದೆ ಎಂಬುದನ್ನು ಹೇಳುವ ರೂಢಿ ಅದು. ಕಾಯಕವನ್ನು ಅಷ್ಟು ದೊಡ್ಡದು ಮಾಡಿದ ಊರುಗಳ ಆಸ್ಪತ್ರೆ ಚೀಟಿಯಲ್ಲಿ ಕಾಯಕಕ್ಕೆ ಒಂದು ಗೆರೆ ಜಾಗವಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿದೆ. ವೈದ್ಯಶಾಸ್ತ್ರಕ್ಕೂ ಈ ಪ್ರಶ್ನೆ ಹೊಸದಲ್ಲ. ಇಟಲಿಯ ಬರ್ನಾರ್ಡಿನೋ ರಾಮಾಝಿನಿ ಎಂಬ ವೈದ್ಯ 1700ರಲ್ಲಿ ಕೆಲಸಗಾರರ ರೋಗಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಹಳೆಯ ವೈದ್ಯರು ರೋಗಿಯನ್ನು ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು, ಏನು ಕೆಲಸ ಮಾಡುತ್ತೀ ಎಂದು ಕೇಳಬೇಕು ಎಂದರು. ಗಣಿಯವರು, ಕುಂಬಾರರು, ಬಣ್ಣ ಬಳಿಯುವವರು, ಕನ್ನಡಿಗೆ ಪಾದರಸ ಹಚ್ಚುವವರು, ಇವರೆಲ್ಲರ ಬಳಿಗೆ ಹೋಗಿ ನೋಡಿ ಬರೆದ ಪುಸ್ತಕ ಅದು.

ಈಗ ಬ್ಯಾಟರಿ ಅಂಗಡಿಗೆ ಬನ್ನಿ. ಕರೆಂಟು ಕೈಕೊಡುವ ನಮ್ಮ ಕಡೆ ಇನ್ವರ್ಟರ್ ಇಲ್ಲದ ಅಂಗಡಿ ಕಡಿಮೆ. ಟ್ರ್ಯಾಕ್ಟರು, ಆಟೋ, ಜೀಪು, ಎಲ್ಲಕ್ಕೂ ಬ್ಯಾಟರಿ ಬೇಕು. ಹಾಳಾದ ಬ್ಯಾಟರಿ ದುರಸ್ತಿಗೆ ಬರುತ್ತದೆ. ಮೇಲಿನ ಡಾಂಬರು ಕೆತ್ತಿ, ಸೆಲ್ ಎತ್ತಿ, ಪ್ಲೇಟು ಬಿಡಿಸುತ್ತಾರೆ. ಪ್ಲೇಟಿಗೆ ಮೆತ್ತಿದ ಸೀಸದ ಪುಡಿ ಒಣಗಿ ನೆಲಕ್ಕೆ ಉದುರುತ್ತದೆ. ಹಳೆಯ ಸೀಸವನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಹೊಸ ತುದಿ ಎರಕ ಹೊಯ್ಯುತ್ತಾರೆ. ಸೀಸ ಕರಗಲು 327 ಡಿಗ್ರಿ ಸಾಕು, ಸಣ್ಣ ಒಲೆಯಲ್ಲೂ ನೀರಾಗುತ್ತದೆ. ಉರಿ ಹೆಚ್ಚಾದಷ್ಟೂ ಕಣ್ಣಿಗೆ ಕಾಣದ ಹೊಗೆ ಏಳುತ್ತದೆ. ಸಂಜೆ ಪೊರಕೆ ಹಿಡಿದು ಗುಡಿಸಿದರೆ ಹಗಲೆಲ್ಲ ಕೂತಿದ್ದ ಧೂಳು ಮತ್ತೆ ಗಾಳಿಗೆ.

ಆ ಧೂಳು ಮೈಗೆ ಇಳಿಯುವ ದಾರಿ ಎರಡು. ಉಸಿರು ಮತ್ತು ಬಾಯಿ. ಆಸಿಡ್ ತಾಗಿದರೆ ಕೈ ಸುಡುತ್ತದೆ, ಕೂಡಲೇ ತೊಳೆಯುತ್ತೇವೆ. ಸೀಸ ಸುಡುವುದಿಲ್ಲ, ತುರಿಸುವುದಿಲ್ಲ, ವಾಸನೆ ಇಲ್ಲ. ಅದೇ ಕೈಯಲ್ಲಿ ತಂಬಾಕು ತಿಕ್ಕಿ ತುಟಿಯೊಳಗೆ ಇಡುತ್ತೇವೆ, ಬೀಡಿ ಹಚ್ಚುತ್ತೇವೆ, ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತೇವೆ. ದೊಡ್ಡವರ ಹೊಟ್ಟೆ ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಮಕ್ಕಳ ಹೊಟ್ಟೆ ಅರ್ಧದಷ್ಟನ್ನು ಹೀರಬಲ್ಲದು. ಕಬ್ಬಿಣ, ಸುಣ್ಣದಂಶ ಕಡಿಮೆಯಿರುವ ಮೈ ಇನ್ನೂ ಹೆಚ್ಚು ಹೀರುತ್ತದೆ. ಅಂದರೆ ಬಡವರ ಮೈಗೆ ಅದು ಬೇಗ ಅಂಟುತ್ತದೆ.

ಕಾಕಾ ಅವರ ರಕ್ತವನ್ನು ಹೈದರಾಬಾದಿಗೆ ಕಳಿಸಬೇಕಾಯಿತು. ಹೇಗೆ ಕಳಿಸಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ, ಮತ್ತು ನನ್ನಂಥ ಕೆಲಸದವರು ಈ ಮಾತು ಕೇಳುತ್ತಿರಬಹುದು. ಸೀಸದ ಅಂಗಡಿಯಿಂದ ನೇರ ಬಂದವರ ಬೆರಳ ತುದಿಯಲ್ಲಿ ಸೀಸ ಇರುತ್ತದೆ. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಧೂಳು ಸೇರಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಆದ್ದರಿಂದ ಕೈ, ತೋಳು ಸೋಪಿನಲ್ಲಿ ಚೆನ್ನಾಗಿ ತೊಳೆಸಿ, ರಕ್ತನಾಳದಿಂದ ತೆಗೆಯಬೇಕು. ಅಂಗಡಿಯಲ್ಲೇ ಕೂತು ತೆಗೆಯಬಾರದು. ಲೋಹದ ಅಂಶ ಇಲ್ಲವೆಂದು ಖಾತ್ರಿ ಮಾಡಿದ ನಳಿಕೆ ಬೇಕು. ಇನ್ನೊಂದು ಮಾತು. ಸಕ್ಕರೆ, ಕೊಬ್ಬಿನ ಪರೀಕ್ಷೆಗೆ ನಾವು ರಕ್ತವನ್ನು ಗಿರಗಿರ ತಿರುಗಿಸಿ ಮೇಲಿನ ತಿಳಿ ಬೇರೆ ಮಾಡಿ ಕಳಿಸುತ್ತೇವೆ. ಸೀಸಕ್ಕೆ ಹಾಗೆ ಮಾಡಿದರೆ ಕೆಲಸ ಕೆಟ್ಟಿತು. ರಕ್ತದ ಸೀಸದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕ ಪಾಲು ಕೆಂಪು ಕಣಗಳಲ್ಲೇ ಇರುತ್ತದೆ. ತಿಳಿಯನ್ನು ಕಳಿಸಿದರೆ ಏನೂ ಇಲ್ಲ ಎಂಬ ಉತ್ತರ ಬರುತ್ತದೆ, ಏನೂ ಇಲ್ಲ ಎಂದು ನಂಬಿದ ಮನುಷ್ಯ ಮತ್ತೆ ಅದೇ ಬಾಣಲೆಯ ಮುಂದೆ ಕೂರುತ್ತಾನೆ. ಇಡೀ ರಕ್ತವನ್ನೇ, ಹೆಪ್ಪುಗಟ್ಟದಂತೆ ಮಾಡಿ ಕಳಿಸಬೇಕು.

ಉತ್ತರ ಬರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಒಂದು ಡೆಸಿಲೀಟರ್ ಎಂದರೆ 100 ಮಿಲಿಲೀಟರ್ ರಕ್ತಕ್ಕೆ ಎಷ್ಟು ಎಂದು. ಮೈಕ್ರೋಗ್ರಾಂ ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇದೆ ಎಂದುಕೊಳ್ಳಿ. ಅಂಕಿ 10 ಬಂದರೆ ಇಡೀ ರಕ್ತದಲ್ಲಿ ಇರುವ ಸೀಸ ಅರ್ಧ ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನ ನೂರಾರು ಪಾಲುಗಳಲ್ಲಿ ಒಂದು ಪಾಲು. ಅಷ್ಟಕ್ಕೇ ಏನಾಗುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಮಾರ್ಗದರ್ಶಿಯ ಪ್ರಕಾರ ಅಂಕಿ 5 ಮುಟ್ಟಿದರೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು. ಅಮೆರಿಕದಲ್ಲಿ ಮಕ್ಕಳ ವಿಷಯದಲ್ಲಿ ಎಚ್ಚರಿಕೆಯ ಗೆರೆ 1991ರಲ್ಲಿ 10 ಇತ್ತು, 2012ರಲ್ಲಿ 5 ಆಯಿತು, 2021ರಲ್ಲಿ 3.5ಕ್ಕೆ ಇಳಿಯಿತು. ವಿಜ್ಞಾನ ಹೆಚ್ಚು ತಿಳಿದುಕೊಂಡಷ್ಟೂ ಗೆರೆ ಕೆಳಗೆ ಬರುತ್ತಿದೆ. ಹೊಟ್ಟೆ ಹಿಂಡುವುದು, ಮಣಿಕಟ್ಟು ಜೋತುಬೀಳುವುದು ಇವೆಲ್ಲ ಅಂಕಿ ಬಹಳ ಮೇಲೆ ಹೋದಾಗಿನ ಮಾತು. ಅದಕ್ಕೆ ಬಹಳ ಮೊದಲೇ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಸೊರಗುತ್ತದೆ, ಸದ್ದಿಲ್ಲದೆ.

ರಕ್ತ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ? ಸೀಸದ ವಿಷಯದಲ್ಲಿ ಬಹಳ ದಿನವಲ್ಲ. ಹೊಸ ಸೀಸ ಬರುವುದು ನಿಂತರೆ ಸುಮಾರು ಒಂದು ತಿಂಗಳಿಗೆ ರಕ್ತದ ಅಂಕಿ ಅರ್ಧಕ್ಕೆ ಇಳಿಯಲು ತೊಡಗುತ್ತದೆ. ಆದರೆ ಇಳಿದದ್ದೆಲ್ಲ ಹೊರಗೆ ಹೋಗಿರುವುದಿಲ್ಲ. ಮೂಳೆ ಅದನ್ನು ಸುಣ್ಣದಂಶ ಎಂದು ತಿಳಿದು ಒಳಗಿಟ್ಟುಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೂಳೆಯಲ್ಲೇ, ವರ್ಷಗಟ್ಟಲೆ, ದಶಕಗಟ್ಟಲೆ. ಔರಾದ್, ಭಾಲ್ಕಿ ಕಡೆಯಿಂದ ದುಡಿಯಲು ಹೈದರಾಬಾದ್, ಪುಣೆ, ಮುಂಬಯಿಗೆ ಹೋದವರನ್ನು ನೆನೆದಾಗ ನನಗೆ ಇದೇ ಚಿಂತೆ. ಯಾವುದೋ ಭಟ್ಟಿಯಲ್ಲಿ ನಾಲ್ಕು ವರ್ಷ ದುಡಿದು, ಮೈ ಸೋತು, ಊರಿಗೆ ಬಂದು ಆರು ತಿಂಗಳು ಹೊಲದಲ್ಲಿದ್ದ ಮೇಲೆ ಪರೀಕ್ಷೆಗೆ ಬಂದರೆ ರಕ್ತ ಹೆಚ್ಚುಕಡಿಮೆ ಒಳ್ಳೆಯದೇ ಕಾಣಬಹುದು. ಮೂಳೆಯ ಕಥೆ ಬೇರೆ ಇರುತ್ತದೆ. ಬಸುರಿಯಾದಾಗ, ಮೂಳೆ ಸವೆಯುವ ವಯಸ್ಸಿನಲ್ಲಿ ಅಲ್ಲಿಂದ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಪರೀಕ್ಷೆ ದುಡಿಯುವ ಜಾಗದಲ್ಲಿ, ದುಡಿಯುತ್ತಿರುವಾಗ ಆಗಬೇಕು. ಮನೆಗೆ ಬಂದ ಮೇಲೆ ಮಾಡಿದರೆ ತಡವಾಯಿತು.

ಇನ್ನೊಂದು ಪರೀಕ್ಷೆ ಇದೆ, ಜಿಂಕ್ ಪ್ರೋಟೋಪಾರ್ಫಿರಿನ್ ಎಂದು. ರಕ್ತ ಕಟ್ಟುವಾಗ ಕಬ್ಬಿಣ ಕೂರಬೇಕಾದ ಜಾಗಕ್ಕೆ ಕಬ್ಬಿಣ ಸೇರದಂತೆ ಸೀಸ ಅಡ್ಡ ಬರುತ್ತದೆ, ಅಲ್ಲಿ ಸತು ಹೋಗಿ ಕೂರುತ್ತದೆ. ಕೆಂಪು ಕಣ ಸುಮಾರು 120 ದಿನ ಬದುಕುವುದರಿಂದ ಇದು ಮೂರು ನಾಲ್ಕು ತಿಂಗಳ ಹಿಂದಿನ ಸಂಗತಿ ಹೇಳುತ್ತದೆ. ಆದರೆ ನಮ್ಮ ಕಡೆ ಇದನ್ನೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಊಟದಲ್ಲಿ ಕಬ್ಬಿಣ ಸಾಲದೆ ರಕ್ತಹೀನತೆ ಬಂದವರಿಗೂ ಈ ಅಂಕಿ ಏರುತ್ತದೆ, ಅಂಥವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಕಾಕಾ ಅವರಿಗೆ ತಿಂಗಳುಗಟ್ಟಲೆ ಕಬ್ಬಿಣದ ಗುಳಿಗೆ ಕೊಟ್ಟದ್ದರ ಕಾರಣವೂ ಇದೇ ಗೊಂದಲ. ರಕ್ತ ಕಡಿಮೆ ಎಂದು ಎಲ್ಲರಿಗೂ ಕಂಡಿತು, ಯಾಕೆ ಕಡಿಮೆ ಎಂದು ಯಾರೂ ಹುಡುಕಲಿಲ್ಲ.

ಎಲ್ಲ ಲೋಹವನ್ನೂ ರಕ್ತದಲ್ಲೇ ಹುಡುಕಬೇಕು ಎಂದಿಲ್ಲ. ಭಾಲ್ಕಿಯಲ್ಲೂ ಬೀದರದಲ್ಲೂ ಚಿನ್ನದ ಕೆಲಸದವರಿದ್ದಾರೆ. ಕೆಡಿಎಂ ಚಿನ್ನ ಎಂಬ ಮಾತು ನೀವೆಲ್ಲ ಕೇಳಿದ್ದೀರಿ, ಮದುವೆ ಒಡವೆ ಮಾಡಿಸುವಾಗ ಅದನ್ನೇ ಕೇಳಿ ಕೊಂಡವರೂ ಇದ್ದೀರಿ. ಆ ಹೆಸರು ಬಂದದ್ದು ಕ್ಯಾಡ್ಮಿಯಂ ಎಂಬ ಲೋಹದಿಂದ. ಬೆಸುಗೆಗೆ ಕ್ಯಾಡ್ಮಿಯಂ ಬೆರೆಸಿದರೆ ಕೀಲು ಕಾಣದಂತೆ ಕೂಡುತ್ತದೆ, ಚಿನ್ನದ ಅಪ್ಪಟತನವೂ ಹೆಚ್ಚು ಇಳಿಯುವುದಿಲ್ಲ. ಕೊಂಡವರಿಗೆ ಒಳ್ಳೆಯದಾಯಿತು, ಊದುಗೊಳವೆ ಹಿಡಿದವನಿಗೆ ಆಗಲಿಲ್ಲ. ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ, ಬೆಸುಗೆಯ ಜ್ವಾಲೆ ಅದಕ್ಕಿಂತ ಬಿಸಿ. ಏಳುವ ಹೊಗೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಮೂತ್ರಪಿಂಡ ಸೇರಿ, ಹತ್ತು ಇಪ್ಪತ್ತು ವರ್ಷ ಅಲ್ಲೇ ಬೀಡು ಬಿಡುತ್ತದೆ. ಇದಕ್ಕೆ ರಕ್ತ ಪರೀಕ್ಷೆ ಮಾಡಿದರೆ ಇತ್ತೀಚಿನ ತಿಂಗಳುಗಳ ಕಥೆ ಸಿಗುತ್ತದೆ, ಮೂತ್ರ ಪರೀಕ್ಷೆಯಲ್ಲಿ ಜೀವಮಾನದ ಕಥೆ. ಎರಡೂ ಬೇಕು. ಮತ್ತೆ ಬೀಡಿ ಸೇದುತ್ತೀರಾ ಎಂದು ಕೇಳಲೇಬೇಕು, ತಂಬಾಕಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಹೀರಿಕೊಳ್ಳುವಂಥದ್ದು, ಸೇದುವವರ ಅಂಕಿ ಹೇಗೂ ಮೇಲಿರುತ್ತದೆ. ಪಾದರಸದ ಆವಿ ಕುಡಿದವರಿಗೂ ಮೂತ್ರ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಹಾಲ್‌ಮಾರ್ಕ್ ಬಂದ ಮೇಲೆ ಕ್ಯಾಡ್ಮಿಯಂ ಬಿಟ್ಟು ಸತುವಿನ ಬೆಸುಗೆಗೆ ತಿರುಗಿದವರು ಬಹಳ ಮಂದಿ. ಹಳೆಯ ವರ್ಷಗಳ ಕ್ಯಾಡ್ಮಿಯಂ ಮಾತ್ರ ಅವರ ಮೂತ್ರಪಿಂಡ ಬಿಟ್ಟು ಹೋಗಿಲ್ಲ.

ನಮ್ಮ ಜಿಲ್ಲೆಯ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಬಿದರಿ ಕೆಲಸದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಬಹಮನಿ ಸುಲ್ತಾನರ ಕಾಲದಿಂದ ನಡೆದು ಬಂದ ಕಲೆ. ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿದೆ. ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಈ ಕೆಲಸದ ಮೂಲ ಲೋಹ ಸತು, ಹದಿನಾರು ಪಾಲಿಗೆ ತಾಮ್ರ ಒಂದು ಪಾಲು ಎಂದು ಹೇಳುವುದು ವಾಡಿಕೆ. ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದು, ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಂಡು, ಉಳಿಯಿಂದ ಚಿತ್ತಾರ ಕೊರೆದು, ಗೀರುಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆಗೆ ನಾನು ಬೆರಗಾಗುತ್ತೇನೆ.

ಆದರೆ ಸತು 907 ಡಿಗ್ರಿಗೆ ಕುದಿಯುತ್ತದೆ, ತಾಮ್ರ ಕರಗುವುದು 1085ಕ್ಕೆ. ತಾಮ್ರವನ್ನು ಕೂಡಿಸಲು ಉರಿ ಏರಿಸಿದಾಗ ಸತುವಿನಿಂದ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದ ಕೆಲವು ಗಂಟೆಗಳಿಗೆ ಬಾಯಲ್ಲಿ ಲೋಹದ ರುಚಿ, ಚಳಿ, ನಡುಕ, ಜ್ವರ, ಮೈಕೈ ನೋವು. ಒಂದೆರಡು ದಿನಕ್ಕೆ ತಾನಾಗಿ ಹೋಗುತ್ತದೆ. ಲೋಹದ ಹೊಗೆ ಜ್ವರ ಎಂದು ಇದಕ್ಕೆ ಹೆಸರು. ಪಶ್ಚಿಮದ ಎರಕದ ಮನೆಗಳಲ್ಲಿ ಇದನ್ನು ಸೋಮವಾರದ ಜ್ವರ ಎಂದೂ ಕರೆಯುತ್ತಿದ್ದರು, ದಿನಾ ಹೊಗೆ ಕುಡಿದ ಮೈ ಒಂದಿಷ್ಟು ಒಗ್ಗಿಕೊಂಡಿರುತ್ತದೆ, ರಜೆ ಕಳೆದು ಬಂದ ಮೊದಲ ದಿನ ಮತ್ತೆ ಜ್ವರ. ಶುಕ್ರವಾರ ರಜೆ ಮಾಡುವ ಕಾರ್ಖಾನೆಯಲ್ಲಿ ಅದು ಶನಿವಾರ ಬರಬೇಕು. ಚಳಿಜ್ವರ ಎಂದ ಕೂಡಲೇ ನಾವು ಮಲೇರಿಯಾ ಪಟ್ಟಿ ನೋಡುತ್ತೇವೆ, ಏನೂ ಸಿಗುವುದಿಲ್ಲ, ಬಿಳಿ ಕಣ ಹೆಚ್ಚಾಗಿದೆ ಎಂದು ಬರೆದು ಕಳಿಸುತ್ತೇವೆ. ಇದಕ್ಕೆ ರಕ್ತದಲ್ಲಿ ಸತು ಅಳೆದೂ ಪ್ರಯೋಜನ ಕಡಿಮೆ, ಸತು ಎಲ್ಲರ ರಕ್ತದಲ್ಲೂ ಇದ್ದೇ ಇರುತ್ತದೆ. ನಿನ್ನೆ ಎರಕ ಹೊಯ್ದಿರಾ ಎಂಬ ಪ್ರಶ್ನೆಯೇ ಇಲ್ಲಿ ಪರೀಕ್ಷೆ. ಬಿದರಿಯ ಬಗ್ಗೆ ಹಿಂದೆ ಬರೆದಿಟ್ಟವರ ಅಳತೆಗಳಲ್ಲಿ ಸೀಸ, ತವರವೂ ಸೇರಿವೆ. ಇಂದು ಗುಜರಿಯ ಸತು ತಂದು ಕರಗಿಸುವವರಿಗೆ ಅದರಲ್ಲಿ ಸೀಸ ಎಷ್ಟಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ಬಿದರಿ ಎರಕದವರ ರಕ್ತದಲ್ಲಿ ಸೀಸ ನೋಡಬೇಕೆಂಬುದು ನನ್ನ ಒತ್ತಾಯ. ತಾಮ್ರದ ಕೊಡಕ್ಕೆ ಕಲಾಯಿ ಹಾಕುವವರಿಗೂ ಇದೇ ಮಾತು. ತವರ ತುಟ್ಟಿ, ಸೀಸ ಅಗ್ಗ, ಬೆರಕೆ ಅಲ್ಲೂ ಆಗುತ್ತದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಹೆಮ್ಮೆಯ ಇತಿಹಾಸ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಪ್ರಾಜೆಕ್ಟ್ ಲೆಡ್-ಫ್ರೀ ಎಂಬ ಹೆಸರಿನಲ್ಲಿ ಏಳು ನಗರಗಳ ಜನರ ರಕ್ತದ ಸೀಸ ಅಳೆಯಿತು. ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಂಕಿ 10ಕ್ಕಿಂತ ಮೇಲಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ವಿಷಕ್ಕಾಗಿ ರಾಷ್ಟ್ರೀಯ ಕೇಂದ್ರ ಶುರುವಾಯಿತು. ಡಾ. ತುಪ್ಪಿಲ್ ವೆಂಕಟೇಶ್ ಅವರು ಬ್ಯಾಟರಿ ಕೆಲಸಗಾರರು, ಬಣ್ಣದವರು, ಮಕ್ಕಳು ಹೀಗೆ ವರ್ಷಗಟ್ಟಲೆ ಇದೇ ಕೆಲಸ ಹಿಡಿದು ನಡೆಸಿದರು. ದೇವನಹಳ್ಳಿ ತಾಲ್ಲೂಕಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ಇದೆ, ಸೀಸದ ಬ್ಯಾಟರಿ ಕೆಲಸಗಾರರ ಬಗ್ಗೆ ಅಧ್ಯಯನ ಮಾಡಿದೆ. ಇವೆಲ್ಲ ಒಳ್ಳೆಯವು. ಆದರೆ ಭಾಲ್ಕಿಯಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಒಂದು ದಿನದ ಕೂಲಿ ಬಿಡಲಾಗದ ಮನುಷ್ಯನಿಗೆ ಅದು ಬೇರೆ ದೇಶ.

ಕಾನೂನು ಇಲ್ಲವೇ ಎಂದರೆ ಇದೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಸೀಸದ ವಿಷ, ಪಾದರಸದ ವಿಷ, ಆರ್ಸೆನಿಕ್ ವಿಷ ಇವು ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳಾಗಿದ್ದವು. ಆದರೆ ಅದು ಕಾರ್ಖಾನೆಗೆ. ಆ ಕಾಯ್ದೆಯ ಲೆಕ್ಕದಲ್ಲಿ ಕರೆಂಟಿದ್ದರೆ ಹತ್ತು ಜನ, ಇಲ್ಲದಿದ್ದರೆ ಇಪ್ಪತ್ತು ಜನ ದುಡಿಯುವ ಜಾಗ ಕಾರ್ಖಾನೆ ಎನಿಸುತ್ತಿತ್ತು. 2020ರ ಹೊಸ ಕಾರ್ಮಿಕ ಸಂಹಿತೆ ಆ ಮಿತಿಯನ್ನು ಇಪ್ಪತ್ತು, ನಲವತ್ತಕ್ಕೆ ಏರಿಸಿತು. ನಮ್ಮ ಬ್ಯಾಟರಿ ಅಂಗಡಿಯಲ್ಲಿ ಮಾಲೀಕ, ತಮ್ಮ, ಒಬ್ಬ ಹುಡುಗ, ಮೂವರು. ಅಕ್ಕಸಾಲಿಗರ ಮನೆಯಲ್ಲಿ ಅಪ್ಪ ಮಗ ಇಬ್ಬರು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಅಕ್ಕಸಾಲಿಗರಿಗೆ, ಕಮ್ಮಾರರಿಗೆ ತರಬೇತಿ ಇದೆ, ಸಾಲ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಅದರ ಜೊತೆಗೆ ವರ್ಷಕ್ಕೊಂದು ರಕ್ತ ಪರೀಕ್ಷೆಯನ್ನೂ ಸೇರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಅಂದುಕೊಳ್ಳುತ್ತೇನೆ. ಉಳಿಯ ಜೊತೆ ಉಳಿ ಹಿಡಿದ ಕೈಯೂ ಉಳಿಯಬೇಕಲ್ಲ.

ಪರೀಕ್ಷೆ ಬಂದರೆ ಸಾಲದು. ನನಗೆ ಅತಿ ಮುಖ್ಯ ಅನಿಸಿದ್ದು ಇದು, ದಯವಿಟ್ಟು ಕೇಳಿ. ಅಂಕಿ ಹೆಚ್ಚು ಬಂದ ಹುಡುಗನನ್ನು ಮಾಲೀಕ ನಾಳೆಯಿಂದ ಬರಬೇಡ ಎಂದರೆ ಮರುದಿನದಿಂದ ಯಾವ ಹುಡುಗನೂ ತೋಳು ಚಾಚುವುದಿಲ್ಲ. ಅಮೆರಿಕದಲ್ಲಿ 1978ರಲ್ಲಿ ಸೀಸದ ಕೆಲಸಕ್ಕೆ ನಿಯಮ ಬರೆದವರು ಇದನ್ನು ಮುಂಚೆಯೇ ಯೋಚಿಸಿದ್ದರು. ರಕ್ತದ ಸೀಸ ಗೊತ್ತುಪಡಿಸಿದ ಗೆರೆ ದಾಟಿದರೆ ಕೆಲಸಗಾರನನ್ನು ಸೀಸದ ಕೆಲಸದಿಂದ ಬೇರೆ ಕಡೆಗೆ ಹಾಕಬೇಕು. ಅಂಕಿ 40ಕ್ಕಿಂತ ಕೆಳಗೆ ಇಳಿಯುವ ತನಕ, 18 ತಿಂಗಳವರೆಗೆ, ಅವನ ಸಂಬಳ, ಸೇವಾ ಹಿರಿತನ ಎರಡೂ ಕಡಿಮೆಯಾಗಬಾರದು. 40 ಎಂಬ ಗೆರೆ ಇಂದಿನ ತಿಳಿವಳಿಕೆಗೆ ಬಹಳ ಮೇಲಿನದು. ಆದರೆ ಕೂಲಿಯನ್ನು ಕಾಪಾಡುವ ಆ ವಿಚಾರ ಸರಿಯಾದದ್ದು. ಅಂಕಿ ಹೆಚ್ಚಿದ್ದರೆ ಕೆಟ್ಟಿರುವುದು ಅಂಗಡಿಯ ಗಾಳಿ, ಅದನ್ನು ತೋರಿಸಿಕೊಟ್ಟ ಮನುಷ್ಯನಿಗೆ ಶಿಕ್ಷೆ ಆಗಕೂಡದು.

ಮೂವರ ಅಂಗಡಿಯಲ್ಲಿ ಅಷ್ಟು ದೊಡ್ಡ ನಿಯಮ ನಡೆಯುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಅಲ್ಲಿ ಮಾಲೀಕನೂ ಅದೇ ಧೂಳು ಕುಡಿಯುತ್ತಾನೆ. ಆದರೂ ಆಗುವ ಕೆಲಸಗಳಿವೆ. ಸೀಸ ಕರಗಿಸುವ ಒಲೆ ಅಂಗಡಿಯೊಳಗೆ ಬೇಡ, ಕರಗಿಸುವುದನ್ನೇ ಬಿಟ್ಟು ಹಳೆಯ ಬ್ಯಾಟರಿಯನ್ನು ಪರವಾನಗಿ ಇದ್ದವರಿಗೆ ಕೊಡಲು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ದಾರಿ ಮಾಡಿವೆ. ಒಣ ಪೊರಕೆ ಬಿಟ್ಟು ಹಸಿ ಬಟ್ಟೆಯಿಂದ ಒರೆಸಬೇಕು. ಊಟ, ತಂಬಾಕು ಅಂಗಡಿಯ ಹೊರಗೆ, ಕೈ ಮುಖ ಸೋಪಿನಲ್ಲಿ ತೊಳೆದ ಮೇಲೆ. ಬಾಯಿಗೆ ಕಟ್ಟಿದ ಕರವಸ್ತ್ರ ಹೊಗೆಯನ್ನು ತಡೆಯುವುದಿಲ್ಲ. ಬೆಲ್ಲ ತಿಂದರೆ, ಹಾಲು ಕುಡಿದರೆ ಒಳಗಿನ ವಿಷ ತೊಳೆದು ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಲು ಒಳ್ಳೆಯದು, ಸುಣ್ಣದಂಶ ಇದ್ದರೆ ಸೀಸ ಹೀರುವುದು ಸ್ವಲ್ಪ ತಗ್ಗುತ್ತದೆ, ಆದರೆ ಒಳಗೆ ಹೋದದ್ದನ್ನು ಹಾಲೂ ತೊಳೆಯದು, ಬೆಲ್ಲವೂ ತೊಳೆಯದು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಗಳಿವೆ, ಅವು ವೈದ್ಯರು ಅಳೆದು ಕೊಡಬೇಕಾದವು. ಔಷಧ ತೆಗೆದುಕೊಂಡು ಅದೇ ಹೊಗೆಯಲ್ಲಿ ಕೂತರೆ ಮೈ ಸೀಸವನ್ನು ಇನ್ನೂ ಹೆಚ್ಚು ಹೀರಿಕೊಳ್ಳಬಹುದು.

ಧೂಳು ಅಂಗಡಿಯಲ್ಲೇ ಉಳಿಯುವುದೂ ಇಲ್ಲ. ಅಂಗಿಯ ಮಡಿಕೆಯಲ್ಲಿ, ತಲೆಗೂದಲಲ್ಲಿ, ಚಪ್ಪಲಿಯಲ್ಲಿ ಮನೆಗೆ ಬರುತ್ತದೆ. ಬಾಗಿಲಿಗೆ ಓಡಿ ಬಂದ ಮೊಮ್ಮಗನನ್ನು ಎತ್ತಿಕೊಂಡರೆ ಅವನ ಕೆನ್ನೆಗೆ ಹತ್ತುತ್ತದೆ. ಸೆನೆಗಲ್ ದೇಶದ ಡಕಾರ್ ಹತ್ತಿರದ ಒಂದು ಬಡಾವಣೆಯಲ್ಲಿ ಮನೆಗಳ ನಡುವೆಯೇ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು. ಅಲ್ಲಿ 18 ಮಕ್ಕಳು ಸತ್ತ ಮೇಲೆ, 2008ರಲ್ಲಿ, ಕಾರಣ ಗೊತ್ತಾಯಿತು. ಯೂನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿ ಲೋಕದ ಮೂರು ಮಕ್ಕಳಲ್ಲಿ ಒಂದರ ರಕ್ತದ ಸೀಸ 5ರ ಗೆರೆಯನ್ನು ಮುಟ್ಟಿದೆ ಅಥವಾ ದಾಟಿದೆ ಎಂದು ಅಂದಾಜು ಮಾಡಿತು. ಇಂಥ ಬ್ಯಾಟರಿ ಕೆಲಸವನ್ನು ಅದರ ದೊಡ್ಡ ಕಾರಣಗಳಲ್ಲಿ ಒಂದೆಂದು ಹೇಳಿತು.

ಕಾಕಾ ಅವರ ಉತ್ತರ ಬಂದಾಗ ಅಂಕಿ ಬಹಳ ಮೇಲಿತ್ತು. ವೈದ್ಯರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಅವರು ಬಾಣಲೆ ಎತ್ತಿಟ್ಟರು, ಅಂಗಡಿಯನ್ನು ಚಾರ್ಜಿಂಗ್‌ಗೆ, ಹೊಸ ಬ್ಯಾಟರಿ ಮಾರುವುದಕ್ಕೆ ತಿರುಗಿಸಿದರು. ದುಡಿಮೆ ಕಡಿಮೆಯಾಯಿತು ಎಂದು ಈಗಲೂ ಹೇಳುತ್ತಾರೆ, ನಾನು ಅದಕ್ಕೆ ಏನು ಹೇಳಲಿ. ನಾಲ್ಕು ತಿಂಗಳ ಮೇಲೆ ಎರಡನೆಯ ಪರೀಕ್ಷೆಗೆ ಬಂದರು. ಅಂದು ತೋಳು ತಾವೇ ಸೋಪು ಹಚ್ಚಿ ಮೊಣಕೈ ತನಕ ತೊಳೆದುಕೊಂಡಿದ್ದರು. ಜೊತೆಗೆ ಐದು ತಿಂಗಳ ಬಸುರಿ ಸೊಸೆಯೂ ಬಂದಿದ್ದಳು.

“ಈಕಿದೂ ನೋಡ್ತೀರೇನ್ರಿ?” ಎಂದರು.

ಅಷ್ಟರಲ್ಲಿ ನಾನು ನಮ್ಮ ಚೀಟಿಯ ಊರಿನ ಸಾಲಿನ ಕೆಳಗೆ ಪೆನ್ನಿನಿಂದ ಒಂದು ಗೆರೆ ಎಳೆದು ಕೆಲಸ ಎಂದು ಬರೆಯುವ ರೂಢಿ ಮಾಡಿಕೊಂಡಿದ್ದೆ. ಸೊಸೆಯನ್ನು ಕೇಳಿದೆ, “ಏನ್ ಕೆಲ್ಸ ಅಂತ ಬರೀಲವ್ವಾ?”

ಆಕೆ ಮಾವನ ಮುಖ ನೋಡಿದಳು. “ಏನೂ ಮಾಡಲ್ರಿ, ಮನ್ಯಾಗ ಇರ್ತೀನಿ.”

ಕಾಕಾ ತಡೆದು ಹೇಳಿದರು: “ನನ್ ಅರಿವಿ ಒಗೀತಾಳ್ರಿ. ಏಳ್ ವರ್ಷ ಆಯ್ತು, ಈಕೀನೇ ಒಗೀತಾಳ.”

ಆ ಗೆರೆಯ ಮುಂದೆ ನಾನು ಬರೆದೆ: ಬ್ಯಾಟರಿ ಅಂಗಡಿಯ ಬಟ್ಟೆ ಒಗೆಯುವುದು, 7 ವರ್ಷ.